ಕಾಲ್ಬೆರಳು ನೋಡುತ್ತಿದ್ದ ವಸ್ತಾದ

ನೋವನ್ನು ನುಂಗಿಕೊಳ್ಳುವವನೇ ಧೀರ ಎಂಬುದು ಎಲ್ಲ ಕಾಲಕ್ಕೂ, ಎಲ್ಲ ದೇಶಕ್ಕೂ ಸಲ್ಲುವ ಮಾತು. ನಾನು ಅದನ್ನು ಐದು ತಿಂಗಳು ಶ್ರದ್ಧೆಯಿಂದ ಪಾಲಿಸಿದೆ. ಆರನೆಯ ತಿಂಗಳಲ್ಲಿ ಎಡಗಾಲಿನ ಚಪ್ಪಲಿ ಕಳಚಿ ಬಿದ್ದದ್ದೂ ಗೊತ್ತಾಗದೆ ಗೋಕಾಕ ಬಸ್ ನಿಲ್ದಾಣದ ಈ ತುದಿಯಿಂದ ಆ ತುದಿಯವರೆಗೆ ನಡೆದುಹೋದೆ. ಅಷ್ಟೊಂದು ಧೀರನಾಗುವ ಉದ್ದೇಶ ನನಗಿರಲಿಲ್ಲ.

ಆ ನಿಲ್ದಾಣದಲ್ಲಿ ನಾನು ಕಂಟ್ರೋಲರ್. ಬಂದ ಬಸ್ಸು, ಹೋದ ಬಸ್ಸು, ಬರಬೇಕಾಗಿದ್ದು ಬಾರದ ಬಸ್ಸು ಇವನ್ನೆಲ್ಲ ಬರೆದಿಡುವುದು, ಮೈಕಿನಲ್ಲಿ ಊರುಗಳ ಹೆಸರು ಕೂಗುವುದು ನನ್ನ ಕೆಲಸ. ನಾನು 'ಹುಕ್ಕೇರಿ' ಎಂದು ಕೂಗಿದರೆ ಹುಕ್ಕೇರಿಯಲ್ಲಿ ಯಾರೋ ದೊಡ್ಡವರು ತೀರಿಕೊಂಡ ಹಾಗೆ ಕೇಳಿಸುತ್ತದೆ ಎಂದು ನನ್ನ ಹೆಂಡತಿ ಕಸ್ತೂರಿ ಹೇಳುತ್ತಾಳೆ. ಗಾಂಭೀರ್ಯ ನನ್ನ ಹುಟ್ಟುಗುಣ. ಅದಕ್ಕೆ ಬೆನ್ನು ನೆಟ್ಟಗಿರಬೇಕಾಗುತ್ತದೆ ಎಂಬುದು ಬೆನ್ನು ಹೋದ ಮೇಲೆ ತಿಳಿಯಿತು.

ನೋವು ಸುರುವಾದಾಗ ಕಾರಣಗಳಿಗೇನೂ ಕೊರತೆ ಇರಲಿಲ್ಲ. ಕುರ್ಚಿಯ ಒಂದು ಕಾಲು ಗಿಡ್ಡ. ವಯಸ್ಸು ಐವತ್ನಾಲ್ಕು. ನಿಲ್ದಾಣದಲ್ಲಿ ಎಲ್ಲರಿಗೂ ಬೆನ್ನುನೋವಿತ್ತು. ಡ್ರೈವರುಗಳಿಗಂತೂ ಅದು ಪಗಾರದ ಜೊತೆಗೇ ಬರುತ್ತಿತ್ತು. ಇವರೆಲ್ಲರ ಮಧ್ಯೆ ನನ್ನ ನೋವಿಗೆ ಮಾತ್ರ ಮರ್ಯಾದೆ ಕೊಡುವುದು ಸರಿ ಕಾಣಲಿಲ್ಲ. ಎರಡನೆಯ ತಿಂಗಳಿಗೆ ಸಂಜೆಮುಂದೆ ಮೈ ಬೆಚ್ಚಗಾಗತೊಡಗಿತು. ಮೂರನೆಯ ತಿಂಗಳಿಗೆ ಪ್ಯಾಂಟು ಸಡಿಲವಾಯಿತು. ನಾನು ಬೆಲ್ಟಿಗೆ ಇನ್ನೊಂದು ತೂತು ಹೊಡೆಸಿಕೊಂಡೆ.

ಕಸ್ತೂರಿಯ ಕಾಟಕ್ಕೆ ಗೋಕಾಕದ ಡಾಕ್ಟರೊಬ್ಬರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ. ಅವಸರ ಮಾಡಲಿಲ್ಲ. ಬೆನ್ನೆಲುಬಿನ ಮೇಲೆ ಬೆರಳಿಂದ ಒಂದೊಂದೇ ಗಂಟು ಒತ್ತುತ್ತ ಬಂದರು. ನಡುವಿನ ಒಂದು ಗಂಟಿನ ಮೇಲೆ ಅವರ ಬೆರಳು ಬಿದ್ದಾಗ ನನ್ನ ಕಣ್ಣ ಮುಂದೆ ಕೋಣೆ ಒಮ್ಮೆ ಬೆಳ್ಳಗಾಗಿ ಮತ್ತೆ ಸರಿಹೋಯಿತು. ಅವರು ನನ್ನ ಮುಖ ನೋಡಿ, ನೋವಿದೆಯೇ ಎಂದು ಕೇಳಿದರು. "ಅಷ್ಟೇನಿಲ್ರಿ" ಎಂದೆ. ಜ್ವರ? "ಇಲ್ರಿ." ತೂಕ ಇಳಿದಿದೆಯೇ? "ಇದ್ದಷ್ಟ ಐತ್ರಿ." ಅವರು ನನ್ನ ಮುಖವನ್ನೂ ನಾನು ಹೇಳಿದ್ದನ್ನೂ ನಂಬಿದರು. ನಂಬದೇ ಇರಲು ಅವರಿಗೆ ಕಾರಣವಿರಲಿಲ್ಲ. ನೋವಿನ ಗುಳಿಗೆ ಬರೆದುಕೊಟ್ಟರು, ನಡುವಿಗೆ ಕಟ್ಟಿಕೊಳ್ಳಲು ಪಟ್ಟಿ ಹೇಳಿದರು. ನಾನು ಗೆದ್ದವನ ಹಾಗೆ ಹೊರಗೆ ಬಂದೆ.

ಹೀಗೆ ಡಾಕ್ಟರನ್ನು ಸೋಲಿಸುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನಾನು ಅದನ್ನು ಹತ್ತನೆಯ ವಯಸ್ಸಿನಲ್ಲಿ, ಮೂಡಲಗಿಯ ಗರಡಿ ಮನೆಯಲ್ಲಿ ಕಲಿತದ್ದು.

ಕುಸ್ತಿ ಕಲಿಸುವ ಗುರುವಿಗೆ ನಮ್ಮ ಕಡೆ ವಸ್ತಾದ ಎನ್ನುತ್ತಾರೆ. ನಮ್ಮ ವಸ್ತಾದರ ಹೆಸರು ಲಗಮಣ್ಣ. ಕುರಿ ಕಾಯುವ ಮನೆತನದವರು. ಹುಡುಗರನ್ನೂ ಹೆಚ್ಚುಕಡಿಮೆ ಅದೇ ಪದ್ಧತಿಯಲ್ಲಿ ಕಾಯುತ್ತಿದ್ದರು. ಮಾತು ಕಡಿಮೆ, ಕೋಲು ಉದ್ದ. ಅವರ ಮೊದಲ ಪಾಠ ಪಟ್ಟು ಹಾಕುವುದಲ್ಲ, ಮುಖದ್ದು. "ಎಲ್ಲಿ ನೋಯ್ತೈತಿ ಅಂತ ಮುಖದ ಮ್ಯಾಲ ಬರದ ಕೊಟ್ರ, ಎದುರಿನವ ಓದಾಕ ಬರದಿದ್ರೂ ಓದತಾನ" ಎನ್ನುತ್ತಿದ್ದರು. ಆ ಪಾಠಕ್ಕೆ ವಾರಕ್ಕೊಂದು ಪರೀಕ್ಷೆ. ಶನಿವಾರ ಬೆಳಿಗ್ಗೆ ನಾವು ಹುಡುಗರೆಲ್ಲ ಕಾಲು ಚಾಚಿ ಎದುರುಬದುರು ಎರಡು ಸಾಲಾಗಿ ಕೂಡಬೇಕು. ವಸ್ತಾದ ಒಬ್ಬೊಬ್ಬನ ಮೈಯ ಮೇಲೂ ಕೈಯಾಡಿಸಿ, ವಾರದ ಪೆಟ್ಟು ಎಲ್ಲಿದೆಯೋ ಅಲ್ಲಿ ಹೆಬ್ಬೆರಳು ಊರುವರು. ಎದುರು ಸಾಲಿನವರು ಅವನ ಮುಖವನ್ನೇ ನೋಡುತ್ತಿರಬೇಕು. ಹುಬ್ಬು ಅಲುಗಿದರೂ ಕೂಗಬೇಕು. ಸಿಕ್ಕಿಬಿದ್ದವನು ಮುಂದಿನ ವಾರ ಪೂರ್ತಿ ಒಬ್ಬನೇ ಗುದ್ದಲಿ ಹಿಡಿದು ಅಖಾಡದ ಮಣ್ಣು ಅಗೆಯಬೇಕು. ಗೆಳೆಯನ ಹುಬ್ಬು ಅಲುಗಲಿ ಎಂದು ನಾವು ಎಷ್ಟು ಭಕ್ತಿಯಿಂದ ಕಾಯುತ್ತಿದ್ದೆವೆಂದರೆ, ಅಷ್ಟು ಭಕ್ತಿಯಿಂದ ಹನುಮಪ್ಪನನ್ನೂ ನೋಡಿದವರಲ್ಲ. ಎರಡು ವರ್ಷದೊಳಗೆ ನಮ್ಮೆಲ್ಲರ ಮುಖಗಳೂ ಗೋಡೆಯಾದವು. ನನ್ನದು ಎಲ್ಲಕ್ಕಿಂತ ಗಟ್ಟಿ ಗೋಡೆ. ಕುಸ್ತಿಯಲ್ಲಿ ನಾನು ಯಾರನ್ನೂ ಹೇಳಿಕೊಳ್ಳುವಂತೆ ಸೋಲಿಸಲಿಲ್ಲ. ಮುಖದಲ್ಲಿ ಮಾತ್ರ ಸೋತೇ ಇಲ್ಲ.

ಇನ್ನೊಂದು ಸಂಗತಿ ಇಲ್ಲಿಯೇ ಹೇಳಿಬಿಡಬೇಕು. ನಾನು ಸೇರಿದ ಮೊದಲ ವರ್ಷ ವಸ್ತಾದ ಹುಡುಗನ ಎದುರಿಗೆ ಕೂತು ಒತ್ತುತ್ತಿದ್ದರು. ಎರಡನೆಯ ವರ್ಷದಿಂದ ಬೆನ್ನ ಹಿಂದೆ ಕೂಡತೊಡಗಿದರು. ಹಿಂದೆ ಕೂತವರಿಗೆ ಮುಖ ಕಾಣುವುದಿಲ್ಲ ಎಂಬುದು ನಮಗೆ ಹೊಳೆಯಲಿಲ್ಲ. ಪರೀಕ್ಷೆ ಮುಗಿದ ಮೇಲೆ ಅವರು ಇಬ್ಬರನ್ನೋ ಮೂವರನ್ನೋ ಆರಿಸಿ, ಒಂದು ವಾರ ಕುಸ್ತಿ ಬೇಡ, ಮಣ್ಣಿಗೆ ಕಲಸಲು ಲಿಂಬೆಹಣ್ಣು ತರುವ ಕೆಲಸ ನಿಮ್ಮದು ಎನ್ನುತ್ತಿದ್ದರು. ಮುಖ ಗೆದ್ದವರೂ ಅದರಲ್ಲಿ ಇರುತ್ತಿದ್ದರು. ಅದು ಬರೀ ಪಕ್ಷಪಾತ ಎಂದು ನಾವು ಬೈದುಕೊಂಡೆವು. ಯಾಕೆ ಎಂದು ಕೇಳುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

ಚಪ್ಪಲಿಯ ದಿನಕ್ಕೆ ಬರುತ್ತೇನೆ. ಹುಕ್ಕೇರಿಯ ಬಸ್ಸು ಕೂಗಿ, ಡ್ರೈವರನಿಗೆ ಏನೋ ಹೇಳಲು ಇಳಿದುಹೋಗಿ, ತಿರುಗಿ ಕೋಣೆಗೆ ಬಂದು ಕೂತಿದ್ದೆ. ನಿಲ್ದಾಣದಲ್ಲಿ ಶೇಂಗಾ ಮಾರುವ ಗಂಗವ್ವ ಕಿಟಕಿಯಲ್ಲಿ ಒಂದು ಚಪ್ಪಲಿ ಹಿಡಿದು ನಿಂತಳು.

"ಸಾಹೇಬ್ರ, ಇದು ನಿಮ್ದ ಅಲ್ರಿ? ಹುಕ್ಕೇರಿ ಬಸ್ಸಿನ ಬಾಜೂಕ ಬಿದ್ದಿತ್ತು."

ನಾನು ಕೆಳಗೆ ನೋಡಿದೆ. ಎಡಗಾಲು ಬರಿಗಾಲು. ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಅಷ್ಟು ದೂರ ನಡೆದಿದ್ದೆ. ಅಂಗಾಲಿನಲ್ಲಿ ಒಂದು ಗಾಜಿನ ಚೂರು ನಾಟಿ ರಕ್ತ ಬಂದು ಒಣಗಿಯೂ ಹೋಗಿತ್ತು. ಅದು ಯಾರದೋ ಕಾಲು ಎಂಬಂತೆ ನೋಡಿದೆ. ಗಂಗವ್ವ ನಗಲಿಲ್ಲ. ಅವಳು ನಕ್ಕಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಕಸ್ತೂರಿ ಬೆಳಗಾವಿಗೆ ಹೋಗೋಣ ಎಂದಳು. ದೊಡ್ಡ ದವಾಖಾನೆ ಎಂದರೆ ದೊಡ್ಡ ಮಾತು. ಮೊದಲು ವಸ್ತಾದರ ಕೈಯಲ್ಲಿ ಒಮ್ಮೆ ಬೆನ್ನು ತಿಕ್ಕಿಸಿಕೊಂಡು ಬರುತ್ತೇನೆ ಎಂದೆ. ಗರಡಿ ಮನೆಯವರು ಮಾಡುವ ತಪ್ಪು ಇದೇ. ನಮಗೆ ಎಲುಬು, ನರ, ಜ್ವರ, ಎಲ್ಲವೂ ಉಳುಕಿನ ಬೇರೆಬೇರೆ ಹೆಸರುಗಳು. ಉಳುಕಿಗೆ ಔಷಧ ವಸ್ತಾದರ ಹೆಬ್ಬೆರಳು. ಎಂಬತ್ತು ದಾಟಿದ ಅವರು ಈಗ ಹುಕ್ಕೇರಿಯಲ್ಲಿ ಮಗಳು ಮಹಾದೇವಿಯ ಮನೆಯಲ್ಲಿದ್ದರು. ಚಪ್ಪಲಿಯನ್ನು ಕಾಲಿಗೆ ಸುತಳಿಯಿಂದ ಕಟ್ಟಿಕೊಂಡು, ಕೊಣ್ಣೂರ, ಘಟಪ್ರಭಾ ದಾಟಿ, ನಾನೇ ಸಾವಿರ ಸಲ ಕೂಗಿದ ಬಸ್ಸಿನಲ್ಲಿ ಹೋದೆ.

ವಸ್ತಾದರ ಮೈ ಇಳಿದಿತ್ತು. ಕಿವಿಗಳು ಮಾತ್ರ ಹಾಗೇ ಇದ್ದವು, ಹಿಂಡಿ ಒಣಹಾಕಿದ ಅರಿವೆಯಂತೆ. ಒಂದು ಕಣ್ಣಿಗೆ ಪೊರೆ ಬಂದಿತ್ತು. ನನ್ನ ಮಾತು ಪೂರ್ತಿ ಕೇಳದೆ ಮಗಳಿಗೆ ಎಣ್ಣೆ ಬಿಸಿ ಮಾಡಲು ಹೇಳಿ, ನನ್ನನ್ನು ಹೊರಸಿನ ಮೇಲೆ ಬೋರಲು ಮಲಗಿಸಿದರು. ಹೆಬ್ಬೆರಳು ಬೆನ್ನ ಮೇಲೆ ಬಂತು. ಹಗುರವಾಗಿಯೇ ಇತ್ತು.

"ನೋವ ಐತೇನು?"

"ಅಷ್ಟೇನಿಲ್ರಿ."

"ಇಲ್ಲಿ?"

ಆ ಗಂಟು. ದಿಂಬು ಕಚ್ಚಿಕೊಂಡೆ. "ಇಲ್ರಿ."

ಹೆಬ್ಬೆರಳು ಎದ್ದಿತು. ಅವರು ಹೊರಸಿನ ಬುಡದ ಕಡೆ ಸರಿದ ಸಪ್ಪಳ ಕೇಳಿಸಿತು. ಸ್ವಲ್ಪ ಹೊತ್ತು ಏನೂ ಇಲ್ಲ.

"ಈಗ ಏನ ಮಾಡಿದೆ, ಹೇಳು."

"ಎಲ್ರಿ ವಸ್ತಾದ್ರ?"

"ನಿನ್ನ ಎಡಗಾಲಿಗೆ."

"ಏನೂ ಮಾಡಿಲ್ಲಲ್ರಿ."

ನಾನು ತಿರುಗಿ ನೋಡಿದೆ. ಅವರ ಕೈಯಲ್ಲಿ ಮಗಳ ಬಾಚಣಿಗೆ ಇತ್ತು. ಅಂಗಾಲಿನ ಮೇಲೆ ಅದರ ಹಲ್ಲು ಎಳೆದ ಗುರುತು ಕೆಂಪಗೆ ಎದ್ದಿತ್ತು. ಅವರು ಧೋತರದ ಚುಂಗಿನಿಂದ ಒಂದೊಂದೇ ಬೆರಳಿನ ಎಣ್ಣೆ ಒರೆಸಿಕೊಳ್ಳತೊಡಗಿದರು. ಬಹಳ ಹೊತ್ತು ಒರೆಸಿಕೊಂಡರು.

"ಏಳು, ನಿಂಗ್ಯಾ. ನಾ ಇದನ್ನ ಮುಟ್ಟೂದಿಲ್ಲ."

ಇನ್ನೂ ಸುರುವೇ ಮಾಡಿಲ್ಲವಲ್ಲ ಎಂದೆ. ಇಷ್ಟು ದೂರ ಬಂದಿದ್ದೇನೆ ಎಂದೆ. ನೀವು ಕೈ ಹಚ್ಚಿದರೆ ಹೋಗುತ್ತದೆ ಎಂದೆ. ಆ ಮಾತಿಗೆ ಅವರು ಎದ್ದು ಹೋಗಿ ಬಾಗಿಲಲ್ಲಿ ನಿಂತರು, ನನಗೆ ಬೆನ್ನು ಮಾಡಿ.

"ಮೇಲವಂಕಿ ಸಿದ್ದ ನೆಪ್ಪ ಅದಾನೇನು?"

ನೆನಪಿತ್ತು. ಮೇಲವಂಕಿ ಊರಿನಿಂದ ಬರುತ್ತಿದ್ದ ಹದಿನಾರರ ಹುಡುಗ, ಗರಡಿ ಮನೆಯಲ್ಲಿ ಎಲ್ಲರಿಗಿಂತ ಮೇಲು. ನಾನು ಸೇರಿದ ಮೊದಲ ವರ್ಷವೇ ಬರುವುದನ್ನು ಬಿಟ್ಟ. ಸೋದರಮಾವನ ಊರಿಗೆ ಹೋದ ಎಂದು ವಸ್ತಾದರೇ ಹೇಳಿದ್ದರು.

"ಎಲ್ಲೂ ಹೋಗಿದ್ದಿಲ್ಲ ಅವ. ಬೆನ್ನ ಹಿಡದಿತ್ತು ಅವಂಗ, ತಿಂಗಳಗಟ್ಟಲೆ. ಕೇಳಿದ್ರ ಇಲ್ಲಂತಿದ್ದ, ನಿನ್ನಂಗ. ಒಂದ ದಿನ ಹಿಂಗ ಬೋರಲ ಹಾಕಿ, ಮ್ಯಾಲ ಕುಂತು, ಪೂರಾ ಜೋರ ಹಾಕಿ ಒತ್ತಿದೆ. ಮಾರಿ ಹಂಗ ಇತ್ತು. ಕಾಲ ನೋಡಿದೆ. ಬೆರಳ ಸೈತ ಅಲುಗಲಿಲ್ಲ. ಎಂಥಾ ಗಟ್ಟಿ ಹುಡುಗ ಅಂದ್ಕೊಂಡೆ. ಮರುದಿನ ಏಳಲಿಲ್ಲ ಅವ. ಮತ್ತ ಎಂದೂ ಏಳಲಿಲ್ಲ."

ಹೊರಗೆ ಮಹಾದೇವಿ ಪಾತ್ರೆ ತಿಕ್ಕುತ್ತಿದ್ದಳು.

ಆಗ ನನಗೆ ಶನಿವಾರಗಳು ತಿಳಿದವು. ಹಿಂದೆ ಕೂತು, ಚಾಚಿದ ನಮ್ಮ ಕಾಲುಗಳನ್ನು ಹೆಗಲ ಮೇಲಿಂದ ನೋಡುತ್ತಿದ್ದರು. ಮುಖವನ್ನು ಗೋಡೆ ಮಾಡಬಹುದು. ಒತ್ತಿದಾಗ ಬೆರಳು ಮುದುಡುವುದನ್ನು ಹುಡುಗರಿಂದ ತಡೆಯಲಾಗುವುದಿಲ್ಲ. ಮುದುಡಿದವರನ್ನು ಲಿಂಬೆಹಣ್ಣು ತರಲು ಕಳಿಸುತ್ತಿದ್ದರು. ನಾನು ಬಾಲ್ಯದಲ್ಲಿ ಹೊತ್ತು ತಂದ ಲಿಂಬೆಹಣ್ಣುಗಳ ಲೆಕ್ಕವಿಲ್ಲ. ನಾವು ಅರ್ಧ ಪಾಠ ಕಲಿತೆವು. ಉಳಿದರ್ಧವನ್ನು ಅವರು ನಾಚಿಕೆಯಿಂದ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು.

ಅದೇ ದಿನ ಮಧ್ಯಾಹ್ನದ ಬಸ್ಸಿಗೆ ವಸ್ತಾದ ನನ್ನ ಜೊತೆಯಲ್ಲಿಯೇ ಗೋಕಾಕಿಗೆ ಬಂದರು. ಅಂಗಿಯ ಗುಂಡಿ ಸಹ ಹಾಕಿಕೊಂಡಿರಲಿಲ್ಲ. ಕಸ್ತೂರಿಯ ಮುಂದೆ ನಿಂತು, ಇವನು ಇಲ್ಲವೆಂದರೆ ಇದೆ ಎಂದು ತಿಳಿಯಬೇಕು ಎಂದು ಹೇಳಿದರು. ಅವಳು ನೀರಿನ ತಂಬಿಗೆ ಕೊಡುತ್ತ, "ಇಪ್ಪತ್ತೆಂಟ ವರ್ಷ ಆತ್ರಿ ಮದುವ್ಯಾಗಿ. ನನಗ ಹೇಳ್ತೀರಿ?" ಎಂದಳು. ಹಾಗೆಯೇ ಒಳಗೆ ಹೋಗಿ ಬೆಳಗಾವಿಗೆ ಚೀಲ ತುಂಬತೊಡಗಿದಳು.

ಬೆಳಗಾವಿಯ ದವಾಖಾನೆಯಲ್ಲಿ ಸ್ಕ್ಯಾನಿನ ಕೋಣೆಯ ಮುಂದೆ ಒಂದು ಉದ್ದ ಬೆಂಚು. ಕಾಯುವವರೆಲ್ಲ ಬಸ್ ನಿಲ್ದಾಣದವರಂತೆಯೇ ಕಂಡರು. ಗಂಟುಮೂಟೆ, ಬುತ್ತಿ, ನಿದ್ದೆ. ಬಸ್ಸು ಯಾವಾಗ ಬರುತ್ತದೆ, ಯಾವ ಊರಿಗೆ ಹೋಗುತ್ತದೆ ಎಂದು ಕೂಗಿ ಹೇಳುವವರು ಮಾತ್ರ ಇಲ್ಲ. ಮೈಮೇಲಿನ ಲೋಹವೆಲ್ಲ ತೆಗೆಯಬೇಕು ಎಂದು ನರ್ಸೊಬ್ಬಳು ಬಂದು ಹೇಳಿದಳು. ಉಂಗುರ, ಗಡಿಯಾರ ತೆಗೆದೆ. ನಡುವಿನ ಬೆಳ್ಳಿಯ ಉಡದಾರ ಉಳಿಯಿತು. ಅಜ್ಜ ಕಟ್ಟಿಸಿದ್ದು, ಬೆಳೆದಂತೆ ಕೊಂಡಿ ಕೂಡಿಸುತ್ತ ಬಂದದ್ದು. ಅದರ ತಿರುಪು ವರ್ಷಗಳ ಜಿಡ್ಡಿಗೆ ಬಿಗಿದು ಕೂತಿತ್ತು. ಕತ್ತರಿಸಬೇಕು ಎಂದಳು.

ನಮ್ಮಲ್ಲಿ ಗಂಡಸಿನ ಉಡದಾರ ಹರಿಯುವುದು ಒಂದೇ ಸಲ, ಹೆಣಕ್ಕೆ ಸ್ನಾನ ಮಾಡಿಸುವಾಗ. ಇದು ಕಸ್ತೂರಿಗೂ ಗೊತ್ತು, ನನಗೂ ಗೊತ್ತು, ಬೆಂಚಿನ ಮೇಲಿದ್ದ ಅರ್ಧ ಜನಕ್ಕೂ ಗೊತ್ತು. ಅವರು ಮುಖ ಆ ಕಡೆ ತಿರುಗಿಸಿದರು. ಯಾರೋ ಒಂದು ಇಕ್ಕಳ ತಂದುಕೊಟ್ಟರು. ಬೇರೆಯವರ ಕೈಗೆ ಕೊಡದೆ ಕಸ್ತೂರಿಯೇ ಕತ್ತರಿಸಿದಳು. ಎರಡು ಸಲ ಜಾರಿತು, ಮೂರನೆಯ ಸಲಕ್ಕೆ ಹರಿಯಿತು. ಅವಳು ಅದನ್ನು ಕರವಸ್ತ್ರದಲ್ಲಿ ಸುತ್ತಿ ಕುಪ್ಪಸದೊಳಗೆ ಇಟ್ಟುಕೊಂಡು, ಏನೂ ಆಗಿಲ್ಲವೆಂಬಂತೆ ನನ್ನ ಅಂಗಿ ಸರಿಮಾಡಿದಳು. ಅವಳೂ ಯಾವುದೋ ಗರಡಿ ಮನೆಯಲ್ಲಿ ಕಲಿತವಳೇ. ಚಪ್ಪಲಿಯೊಳಗೆ ಅವಳ ಕಾಲ್ಬೆರಳು ಮುದುಡಿದ್ದವು.

ಸ್ಕ್ಯಾನು ನೋಡಿದ ಸರ್ಜನ್ ಒಬ್ಬ ಹೆಂಗಸು, ನಮ್ಮ ಕಡೆಯ ಮಾತಿನಲ್ಲಿ ಬಾಯಿಯವರು, ನನ್ನ ಅರ್ಧ ವಯಸ್ಸು. ಚಿತ್ರ ತೋರಿಸಲಿಲ್ಲ, ಪಾಠ ಮಾಡಲಿಲ್ಲ. ನೋವು ಹೇಗಿದೆ ಎಂದು ಕೇಳಿದರು. ನನ್ನ ಬಾಯಿ ತನ್ನಷ್ಟಕ್ಕೇ ಸುರುಮಾಡಿತು. "ಅಷ್ಟೇನ..." ಎಂದೆ. ಕಸ್ತೂರಿ ನನ್ನ ಕಾಲಿನ ಕಡೆ ನೋಡುತ್ತಿದ್ದಳು.

"ಐತ್ರಿ" ಎಂದೆ. "ಭಾಳ ಐತ್ರಿ. ಐದ ತಿಂಗಳಿಂದ ಐತಿ. ಸಂಜಿಮುಂದ ಜ್ವರ ಬರ್ತಾವ. ಬೆಲ್ಟಿಗೆ ಮೂರ ತೂತ ಹೊಡಿಸೇನಿ. ಎಡಗಾಲ ನಂದಲ್ಲ ಅನಸ್ತೈತ್ರಿ. ಬಲಗಾಲೂ ಈಗೀಗ ಜೋಮ ಹಿಡಿತೈತ್ರಿ."

ಐವತ್ನಾಲ್ಕು ವರ್ಷದಲ್ಲಿ ಒಂದೇ ಉಸಿರಿಗೆ ಅಷ್ಟು ನಿಜವನ್ನು ನಾನು ಮೈಕಿನಲ್ಲಿ ಕೂಡ ಹೇಳಿರಲಿಲ್ಲ. ಅವರು ಎಲ್ಲವನ್ನೂ ಬರೆದುಕೊಂಡರು. ಬೆನ್ನೆಲುಬಿಗೆ ಕ್ಷಯ ಹತ್ತಿರಬೇಕು, ಕೀವು ತುಂಬಿ ನರವನ್ನು ಒತ್ತುತ್ತಿದೆ ಎಂದರು. ಮರುದಿನವೇ ಆಪರೇಶನ್.

"ಕಾಲು ಬರ್ತಾವೇನ್ರಿ?" ಎಂದು ಕಸ್ತೂರಿ ಕೇಳಿದಳು.

"ಬಲಗಾಲು ಉಳಿಸ್ಕೋಬಹುದು ಅನಸ್ತದ. ಎಡಗಾಲಿಗೆ ನಾ ಮಾತು ಕೊಡೂದಿಲ್ಲ, ಅಕ್ಕಾ. ಎರಡು ತಿಂಗಳ ಹಿಂದ ಬಂದಿದ್ರ ಕೊಡ್ತಿದ್ದೆ."

ಎರಡು ತಿಂಗಳ ಹಿಂದೆ ನಾನು ಗೋಕಾಕದ ಡಾಕ್ಟರ ಕೋಣೆಯಿಂದ ಗೆದ್ದು ಹೊರಗೆ ಬಂದಿದ್ದೆ.

ಆಪರೇಶನ್ನಿನ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ. ನಾನು ಹಾಜರಿದ್ದೆನೇ ಹೊರತು ನೋಡಲಿಲ್ಲ. ಎಚ್ಚರವಾದಾಗ ಬೆನ್ನಲ್ಲಿ ಕಬ್ಬಿಣದ ಸರಳು, ಸ್ಕ್ರೂ. ಪಕ್ಕದಲ್ಲಿ ಉಚ್ಚೆಯ ಚೀಲ. ಮನುಷ್ಯನ ಗಾಂಭೀರ್ಯವನ್ನು ಅಳೆಯಲು ಉಚ್ಚೆಯ ಚೀಲಕ್ಕಿಂತ ಒಳ್ಳೆಯ ಸಾಧನ ಇನ್ನೂ ಹುಟ್ಟಿಲ್ಲ. ಕ್ಷಯವೆಂದು ಖಾತ್ರಿಯಾಗಿ ಗುಳಿಗೆ ಸುರುವಾದ ಮೇಲೆ ಆ ಚೀಲ ಕುಂಕುಮದ ನೀರಿನ ಬಣ್ಣಕ್ಕೆ ತಿರುಗಿತು. ಒಂದೂವರೆ ವರ್ಷ ಗುಳಿಗೆ ನುಂಗಬೇಕು ಎಂದರು. ನುಂಗುವುದರಲ್ಲಿ ನನಗೆ ಅನುಭವವಿತ್ತು.

ಮನೆಗೆ ಬಂದೆ. ಅಂದರೆ, ನಾಲ್ಕು ಜನ ತಂದು ಹಾಕಿದರು. ಮೂಡಲಗಿಯಿಂದ ಅಣ್ಣ ನೋಡಲು ಬಂದ. ಹೊಸ್ತಿಲ ಹೊರಗೇ ನಿಂತು, ಮೂಗಿಗೆ ಟವೆಲ್ಲು ಒತ್ತಿಕೊಂಡು, ಕಬ್ಬಿನ ಬೆಳೆಯ ಬಗ್ಗೆ ಹತ್ತು ನಿಮಿಷ ಮಾತಾಡಿದ. ಬೆನ್ನಿನ ಕ್ಷಯ ಕೆಮ್ಮಿದರೆ ಹರಡುವಂಥದ್ದಲ್ಲ ಎಂದು ಸರ್ಜನ್ ಹೇಳಿದ್ದನ್ನು ಕಸ್ತೂರಿ ಎರಡು ಸಲ ಹೇಳಿದಳು. ಅವನು ಎರಡು ಸಲವೂ ತಲೆಯಾಡಿಸಿದ, ಕೊಟ್ಟ ಚಹಾ ಕಟ್ಟೆಯ ಮೇಲೆ ಆರಲು ಬಿಟ್ಟು ಹೋದ. ಊರವರು ಕರದಂಟು ತಂದರು. ಗೋಕಾಕದ ರೋಗಿಗೆ ಗೋಕಾಕದವರು ಗೋಕಾಕದ ಕರದಂಟನ್ನೇ ತರುವುದು ಯಾವ ನ್ಯಾಯವೋ ತಿಳಿಯದು. ಗುಳಿಗೆಯ ವಾಕರಿಕೆಗೆ ಅದರ ಡಬ್ಬಿಯನ್ನು ನೋಡಲೂ ಆಗುತ್ತಿರಲಿಲ್ಲ. ಗಂಗವ್ವ ಮಾತ್ರ ಏನೂ ತರದೆ ಬಂದು, ಹಾಸಿಗೆಯ ಪಕ್ಕದಲ್ಲಿಯೇ ಕೂತು, ಚಹಾ ಕುಡಿದು, ನಿಮ್ಮ ಬದಲಿಗೆ ಬಂದವನ ದನಿಗೆ ಯಾರೂ ಬಸ್ಸು ಹತ್ತುವುದಿಲ್ಲ ಎಂದು ವರದಿ ಮಾಡಿ ಹೋದಳು.

ಬಲಗಾಲು ಮೂರನೆಯ ವಾರಕ್ಕೆ ಬಂತು. ಎಡಗಾಲು ಬರಲಿಲ್ಲ. ಹೊದಿಕೆಯ ಹೊರಗೆ ಅದು ಯಾರೋ ಮರೆತುಹೋದ ಸಾಮಾನಿನಂತೆ ಬಿದ್ದಿರುತ್ತಿತ್ತು. ಅಲುಗು ಎಂದು ಹೇಳುತ್ತಿದ್ದೆ. ತಲೆಯಿಂದ ಹೇಳಿಕೆ ಹೊರಡುತ್ತಿತ್ತು. ನಡುವಿನಲ್ಲಿ ಎಲ್ಲಿಯೋ ರಸ್ತೆ ಕಡಿದಿತ್ತು. ಅದನ್ನು ಕಸ್ತೂರಿಗೆ ಹೇಳಿದೆ. ಹೆದರಿಕೆ ಆಗುತ್ತಿದೆ ಎಂದೂ ಹೇಳಿದೆ. ಹೇಳಿದರೆ ಹಗುರವಾಗುತ್ತದೆ ಎನ್ನುತ್ತಾರೆ; ನನಗೇನೂ ಹಗುರವಾಗಲಿಲ್ಲ. ಅವಳಿಗೂ ಹೆದರಿಕೆ ಇತ್ತೆಂದು ಗೊತ್ತಾಯಿತು, ಅಷ್ಟೇ. ಒಬ್ಬನೇ ಹೆದರುವುದಕ್ಕಿಂತ ಅದು ಎಷ್ಟೋ ವಾಸಿ.

ವಸ್ತಾದ ಪ್ರತಿ ಗುರುವಾರ ಹುಕ್ಕೇರಿಯಿಂದ ಬರುತ್ತಿದ್ದರು. ಕಂಡಕ್ಟರುಗಳು ಅವರಿಗೆ ಮುಂದಿನ ಸೀಟು ಹಿಡಿದಿಡುತ್ತಿದ್ದರು. ಬಂದವರೇ ನನ್ನ ಮುಖ ನೋಡದೆ ಹಾಸಿಗೆಯ ಕಾಲ್ದೆಸೆಗೆ ಕೂತು, ಎಡ ಹಿಮ್ಮಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡು, ಹೆಬ್ಬೆರಳ ಮೇಲೆ ತಮ್ಮ ಹೆಬ್ಬೆರಳು ಇಡುತ್ತಿದ್ದರು. ಕಣ್ಣಿನ ಪೊರೆ ಬಲಿತಿದ್ದರಿಂದ ಮುಟ್ಟಿಯೇ ನೋಡಬೇಕಾಗಿತ್ತು. ಒತ್ತುತ್ತಿರಲಿಲ್ಲ. ಅಲುಗಿಸು ಎನ್ನುತ್ತಿದ್ದರು. ಅದು ಅಲುಗುತ್ತಿರಲಿಲ್ಲ. ಅರ್ಧ ತಾಸು ಹಾಗೇ ಕೂತು, ಚಹಾ ಕುಡಿದು, ಎದ್ದು ಹೋಗುತ್ತಿದ್ದರು.

ಒಂದು ಗುರುವಾರ, ಸಿದ್ದನ ಕಥೆಯನ್ನು ಸರ್ಜನ್ ಬಾಯಿಯವರಿಗೆ ಹೇಳಿದ್ದಾಗಿ ವಸ್ತಾದರಿಗೆ ತಿಳಿಸಿದೆ. ಅವನಿಗೂ ಇದೇ ರೋಗ ಮೊದಲೇ ಇದ್ದಿರಬಹುದು, ಬೆರಳು ಅಲುಗದಿದ್ದರೆ ಒತ್ತುವ ಮೊದಲೇ ನರ ಹೋಗುತ್ತ ಬಂದಿರಬಹುದು, ಒತ್ತಿದ್ದರಿಂದಲೇ ಹೋಯಿತೋ ಇಲ್ಲವೋ ಈಗ ಯಾರೂ ಹೇಳಲಾರರು ಎಂದು ಬಾಯಿಯವರು ಅಂದಿದ್ದರು. ವಸ್ತಾದ ಅದನ್ನು ಪೂರ್ತಿ ಕೇಳಿಸಿಕೊಂಡರು.

"ಬಾಯಾರು ದೊಡ್ಡ ಮನಸಿನವರು" ಎಂದರು. ನನ್ನ ಹಿಮ್ಮಡಿ ಅವರ ಅಂಗೈಯಲ್ಲಿಯೇ ಇತ್ತು.

ಆಮೇಲೆ ಸಿದ್ದನನ್ನು ನೋಡಲು ಹೋಗಿದ್ದಿರೇನು ಎಂದು ಕೇಳಿದೆ. ಇಲ್ಲವೆಂದರು. ಒಮ್ಮೆಯೂ? ಒಮ್ಮೆಯೂ ಇಲ್ಲ. ಮೂಡಲಗಿಯಿಂದ ಮೇಲವಂಕಿ ಎಷ್ಟು ಹತ್ತಿರ ಎಂಬುದು ಬೇರೆ ಯಾರಿಗಾದರೂ ತಿಳಿಯದೇ ಇರಬಹುದು; ಬಸ್ಸು ಕೂಗುವ ನನಗೆ ತಿಳಿದಿತ್ತು.

ಹನ್ನೆರಡನೆಯ ಗುರುವಾರ. ಹೊರಗೆ ಬಿಸಿಲು, ಕಸ್ತೂರಿ ಜೋಳ ಹಸನು ಮಾಡುತ್ತಿದ್ದಳು. ವಸ್ತಾದ ಎಂದಿನಂತೆ ಅಲುಗಿಸು ಎಂದರು. ನಾನು ಎಂದಿನಂತೆ, ನಂಬಿಕೆಯಿಲ್ಲದೆ, ಹೇಳಿಕೆ ಕಳಿಸಿದೆ. ನನಗೇನೂ ಅನಿಸಲಿಲ್ಲ. ಅವರ ಕೈ ನಿಂತಿತು.

"ಮತ್ತ."

ಮತ್ತೆ ಕಳಿಸಿದೆ.

"ಮತ್ತೊಮ್ಮೆ, ನಿಂಗ್ಯಾ."

ತಲೆಯೆತ್ತಿ ನೋಡಿದೆ. ಅವರ ಹೆಬ್ಬೆರಳ ಕೆಳಗೆ ನನ್ನ ಹೆಬ್ಬೆರಳು ಇರುವೆ ನಡೆದಷ್ಟು ಅಲುಗಿತು. ನಾನು ಕಸ್ತೂರಿಯನ್ನು ಕರೆದೆ. ಅವಳು ಮೊರ ಹಿಡಿದೇ ಬಂದು ನಿಂತು, ಮೊರವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನನ್ನ ಎದೆಯ ಮೇಲೆ ಇಟ್ಟಳು. ವಸ್ತಾದ ಕಾಲನ್ನು ಮೆಲ್ಲಗೆ ಕೆಳಗಿಟ್ಟರು. ಅಂದು ಚಹಾ ಕೂಡ ಕುಡಿಯದೆ ಹೊರಟುಬಿಟ್ಟರು.

ಸಂಜೆ ನಿಲ್ದಾಣದಿಂದ ಫೋನು ಬಂತು. ನಿಮ್ಮ ಹಿರಿಯರಿಗಾಗಿ ಹುಕ್ಕೇರಿ ಬಸ್ಸು ಐದು ನಿಮಿಷ ನಿಲ್ಲಿಸಿದ್ದೆವು, ಅವರು ಅದನ್ನು ಹತ್ತದೆ ಮೇಲವಂಕಿಯ ಬಸ್ಸು ಹತ್ತಿದರು, ಕಣ್ಣು ಕಾಣದೆ ತಪ್ಪಿರಬೇಕು ಎಂದರು. ತಪ್ಪಿಲ್ಲ ಎಂದೆ.

ಮುಂದಿನ ಗುರುವಾರ ಅವರು ಬರುವರೋ ಇಲ್ಲವೋ ಎಂದು ಕಾದೆ. ಬಂದರು. ಕಾಲ್ದೆಸೆಗೆ ಕೂತು, ಕಾಲು ಕೈಗೆತ್ತಿಕೊಂಡು, ನಾನು ಕೇಳುವ ಮೊದಲೇ ಹೇಳಿದರು.

"ಸಿದ್ದ ಇಲ್ಲ. ಆರ ವರ್ಷ ಆತಂತ. ಅವರವ್ವ ಅದಾಳ."

"ಹೇಳಿದ್ರಿ?"

"ಹೇಳಿದೆ. ನಾ ಒತ್ತಿದ್ದಕ್ಕ ನಿನ್ನ ಮಗನ ಕಾಲ ಹ್ವಾದೂ ಅಂದೆ."

"ಏನಂದ್ರು?"

"ಗೊತ್ತೈತಿ ಅಂದ್ಳು. ಸಿದ್ದ ಆವತ್ತ ಹೇಳಿದ್ನಂತ. ಸಿಟ್ಟಿದ್ದಿಲ್ಲಂತ ಅವಂಗ." ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದರು. "ವಸ್ತಾದ್ರು ಇವತ್ತ ಬರ್ತಾರ, ನಾಳೆ ಬರ್ತಾರ ಅಂತ ಬಾಗಲದಾಗ ಹಾಸಿಗಿ ಹಾಕಿಸ್ಕೊಂಡಿದ್ನಂತ. ದಾರಿ ಕಾಣ್ಲಿ ಅಂತ."

ಅವರ ಮುಖ ಗೋಡೆಯಂತೆಯೇ ಇತ್ತು. ನಾನು ಹಾಸಿಗೆಯ ಅಂಚಿನಿಂದ ಬಗ್ಗಿ ಅವರ ಕಾಲು ನೋಡಿದೆ; ಬೆರಳು ಮುದುಡಿದ್ದವು. ಕಸ್ತೂರಿ ಚಹಾ ತಂದಳು. ಅಂದು ಕುಡಿದರು.

ಇದನ್ನು ಬರೆಯಲೇ ಎಂದು ಅವರನ್ನು ಕೇಳಿದ್ದೇನೆ. ಬರಿ, ಬೆನ್ನು ಹಿಡಿದವನು ಯಾವನಾದರೂ ಓದಿಯಾನು ಎಂದರು. ಓದುತ್ತಿರುವವರು ಅಂಥವರಾಗಿದ್ದರೆ, ಡಾಕ್ಟರು ಒತ್ತಿ ಕೇಳಿದಾಗ ಇದೆ ಎನ್ನಿ. ಅದು ಅಖಾಡವಲ್ಲ, ನಿಮ್ಮ ಹುಬ್ಬು ಅಲುಗಿತೆಂದು ಎದುರು ಸಾಲಿನಿಂದ ಯಾರೂ ಕೂಗುವುದಿಲ್ಲ.

ಗುಳಿಗೆ ಕಳೆದ ತಿಂಗಳಿಗೆ ಮುಗಿದವು. ಕೋಲು ಹಿಡಿದು ನಿಲ್ದಾಣಕ್ಕೆ ಹೋಗುತ್ತೇನೆ, ಕೂತು ಬಸ್ಸು ಕೂಗುತ್ತೇನೆ. ಕುರ್ಚಿ ಬೇರೆ ಕೊಟ್ಟಿದ್ದಾರೆ. ಹರಿದ ಉಡದಾರವನ್ನು ಕಸ್ತೂರಿ ಅಕ್ಕಸಾಲಿ ಕಡೆ ಬೆಸೆಸಿ ತಂದಿದ್ದಾಳೆ, ನಾನು ಇನ್ನೂ ಕಟ್ಟಿಕೊಂಡಿಲ್ಲ. ವಸ್ತಾದ ಗುರುವಾರ ಬರುತ್ತಾರೆ. ಎಡಗಾಲಿನ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಅಲುಗುತ್ತವೆ. ಉಳಿದ ಮೂರು ಅಲುಗುವುದಿಲ್ಲ.